ದೇವಿಮನೆ ಘಟ್ಟದ ಏರಿಗೆ ದೊಡ್ಡ ಇಂಟರ್‌ಕೂಲರ್ ಬೇಕಾ?

ಪ್ರಶ್ನೆ: ನಮ್ಮ ಮನೆಯಲ್ಲಿ 2005ರ ಸ್ಕೋಡಾ ಆಕ್ಟೇವಿಯಾ 1.9 ಟಿಡಿಐ ಇದೆ. ಅಪ್ಪ ಕೊಂಡ ಕಾರು, ಎರಡು ಲಕ್ಷ ಕಿಲೋಮೀಟರ್ ದಾಟಿದೆ. ನಾನು ವಾರಕ್ಕೊಮ್ಮೆ ಶಿರಸಿಯಿಂದ ಕಾರವಾರಕ್ಕೆ ಹೋಗಿ ಬರುತ್ತೇನೆ. ವಾಪಸ್ ಬರುವಾಗ ಕತಗಾಲ ದಾಟಿ ದೇವಿಮನೆ ಘಟ್ಟ ಹತ್ತುವಾಗ, ಅದರಲ್ಲೂ ಏಪ್ರಿಲ್, ಮೇ ತಿಂಗಳಲ್ಲಿ, ಮೊದಲ ಕೆಲವು ತಿರುವು ಚೆನ್ನಾಗಿ ಎಳೆಯುತ್ತದೆ. ಆಮೇಲೆ ಸುಸ್ತಾಗುತ್ತದೆ, ಹಿಂದೆ ಕಪ್ಪು ಹೊಗೆಯೂ ಬರುತ್ತದೆ. ದೊಡ್ಡ ಇಂಟರ್‌ಕೂಲರ್ ತರಿಸಿ ಮುಂದಿನ ಬಂಪರ್ ಹಿಂದೆ ಅಡ್ಡಕ್ಕೆ ಕೂರಿಸಿದರೆ ಸರಿಹೋಗುತ್ತದೆ ಎಂದು ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ಹಾಕಿಸಬಹುದಾ? ಎಷ್ಟು ದೊಡ್ಡದು ಹಾಕಿಸಬೇಕು? ಎಂಜಿನ್‌ಗೆ ಬೇರೆ ಏನೂ ಮಾಡಿಸಿಲ್ಲ. ಕಾರು ಮಾರುವ ಯೋಚನೆಯೂ ಇಲ್ಲ.

ಉತ್ತರ: ಈಗಲೇ ಹಾಕಿಸಬೇಡಿ. ದೊಡ್ಡ ಇಂಟರ್‌ಕೂಲರ್ ಕೆಟ್ಟದ್ದು ಅಂತಲ್ಲ. ನೀವು ಬರೆದ ಲಕ್ಷಣ ನೋಡಿದರೆ ನಿಮ್ಮ ಕಾರಿಗೆ ಬೇಕಾಗಿರುವುದು ಬೇರೆ ಏನೋ ಅನಿಸುತ್ತದೆ. ಆ ‘ಕಪ್ಪು ಹೊಗೆ’ ಅನ್ನುವ ಎರಡು ಪದ ಬರೆದಿರಲ್ಲ, ಅದು ತುಂಬಾ ಒಳ್ಳೆಯದಾಯಿತು.

ಮೊದಲು ಇಂಟರ್‌ಕೂಲರ್ ಮಾಡುವ ಕೆಲಸ ನೋಡೋಣ. ಸೈಕಲ್ ಪಂಪ್ ಹೊಡೆದವರಿಗೆಲ್ಲ ಗೊತ್ತು, ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಮಾಡುವುದೂ ಅದನ್ನೇ. ಕುಮಟಾದಲ್ಲಿ ಮೇ ತಿಂಗಳ ಮಧ್ಯಾಹ್ನ 35 ಡಿಗ್ರಿ ಇದೆ ಅಂದುಕೊಳ್ಳಿ. ಆ ಗಾಳಿಯನ್ನು ಟರ್ಬೊ ಎರಡು ಪಟ್ಟು ಒತ್ತಡಕ್ಕೆ ಏರಿಸಿದರೆ, ಟರ್ಬೊದಿಂದ ಹೊರಬೀಳುವಾಗ ಅದು ಸುಮಾರು 130 ಡಿಗ್ರಿ ಮುಟ್ಟಿರುತ್ತದೆ. ಬಿಸಿ ಗಾಳಿ ಅಂದರೆ ತೆಳು ಗಾಳಿ. ಅದೇ ಸಿಲಿಂಡರಿನಲ್ಲಿ ಕಡಿಮೆ ಆಮ್ಲಜನಕ. ಅದಕ್ಕೇ ನಡುವೆ ಒಂದು ರೇಡಿಯೇಟರ್ ಇಟ್ಟು ಗಾಳಿಯನ್ನು ತಣಿಸುವುದು. ಇಂಟರ್‌ಕೂಲರ್ ಅಂದರೆ ಅಷ್ಟೇ.

ಈಗ ದೊಡ್ಡದು ಹಾಕಿದರೆ ಎಷ್ಟು ಲಾಭ? ಸುಮ್ನೆ ಒಂದು ಲೆಕ್ಕ ಹಾಕೋಣ. ಟರ್ಬೊ ಏರಿಸಿದ ಬಿಸಿಯಲ್ಲಿ ಶೇ 60ರಷ್ಟನ್ನು ನಿಮ್ಮ ಈಗಿನ ಇಂಟರ್‌ಕೂಲರ್ ತೆಗೆಯುತ್ತದೆ ಅಂದುಕೊಳ್ಳಿ. ಆಗ ಎಂಜಿನ್‌ಗೆ ಹೋಗುವ ಗಾಳಿ 73 ಡಿಗ್ರಿ ಆಸುಪಾಸು. ದೊಡ್ಡದು ಹಾಕಿ ಅದನ್ನು ಶೇ 75ಕ್ಕೆ ಏರಿಸಿದಿರಿ ಅಂದುಕೊಳ್ಳಿ. ಗಾಳಿ 59 ಡಿಗ್ರಿಗೆ ಬಂತು. 14 ಡಿಗ್ರಿ ಇಳಿದದ್ದು ಕೇಳಲು ಜಾಸ್ತಿ ಅನಿಸುತ್ತದೆ. ಆದರೆ ಗಾಳಿಯ ಸಾಂದ್ರತೆ ಹೆಚ್ಚಿದ್ದು ಬರೀ ಶೇ 4. ಅದೂ ಹೊಸ ಕೋರ್ (ಇಂಟರ್‌ಕೂಲರಿನಲ್ಲಿ ಗಾಳಿ ಹಾದು ತಣಿಯುವ ಭಾಗ) ಒತ್ತಡವನ್ನು ನುಂಗದಿದ್ದರೆ ಮಾತ್ರ.

ಡೀಸೆಲ್‌ನಲ್ಲಿ ಇನ್ನೊಂದು ಮಾತಿದೆ. ನಿಮ್ಮ ಎಂಜಿನ್‌ನಿಂದ ಬರುವ ಬಲವನ್ನು ನಿರ್ಧರಿಸುವುದು ಒಳಗೆ ಹೋಗುವ ಡೀಸೆಲ್. ಅದು ಎಷ್ಟು ಹೋಗಬೇಕು ಅನ್ನುವುದು ಇಸಿಯುವಿನ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ, ಮ್ಯಾಪ್ ಅನ್ನುವ ಲೆಕ್ಕದ ಪಟ್ಟಿಯಲ್ಲಿ ಬರೆದಿದೆ. 90 ಪಿಎಸ್ ಶಕ್ತಿ, 210 ಎನ್‌ಎಂ ಟಾರ್ಕ್ (ತಿರುಗಿಸುವ ಬಲ) ಅಂತ ಕಂಪನಿ ಕೊಟ್ಟ ಲೆಕ್ಕ ಆ ಮ್ಯಾಪ್‌ನದ್ದು. ಗಾಳಿ ಸ್ವಲ್ಪ ಹೆಚ್ಚಾದ ಮಾತ್ರಕ್ಕೆ ಡೀಸೆಲ್ ತಾನಾಗಿ ಹೆಚ್ಚಾಗುವುದಿಲ್ಲ. ಹೊಗೆ ಕಡಿಮೆಯಾಗಬಹುದು, ಎಕ್ಸಾಸ್ಟ್ ಬಿಸಿ ಇಳಿಯಬಹುದು, ಅದು ಒಳ್ಳೆಯದೇ. ಆದರೆ ಎಳೆತ? ಗೊತ್ತಾಗುವಷ್ಟು ಬರುವುದಿಲ್ಲ. ಪೆಟ್ರೋಲ್ ಟರ್ಬೊ ಆಗಿದ್ದರೆ ನಾನು ಬೇರೆ ಥರ ಹೇಳುತ್ತಿದ್ದೆ. ಅದೇ ಆಕ್ಟೇವಿಯಾದಲ್ಲಿ 1.8 ಟರ್ಬೊ ಪೆಟ್ರೋಲಿನ ಆರ್‌ಎಸ್ ಇತ್ತಲ್ಲ, ಅಂಥ ಎಂಜಿನ್ ಬಿಸಿ ಗಾಳಿ ಕುಡಿದರೆ ನಾಕ್ ಹೊಡೆಯಲು, ಅಂದರೆ ಒಳಗೆ ಪೆಟ್ರೋಲ್ ತಾನಾಗಿ ಹೊತ್ತಿ ಬಡಿಯಲು, ಶುರು ಮಾಡುತ್ತದೆ. ಇಸಿಯು ಕೂಡಲೇ ಕಿಡಿ ಹಾರುವ ಟೈಮಿಂಗ್ ಹಿಂದಕ್ಕೆ ಎಳೆದು ಬಲ ಕಡಿಮೆ ಮಾಡುತ್ತದೆ. ಅಲ್ಲಿ ಇಂಟರ್‌ಕೂಲರ್ ಒಳ್ಳೆಯದಾದಷ್ಟೂ ಕಾರು ಬದಲಾದದ್ದು ಕಾಲಿಗೇ ಗೊತ್ತಾಗುತ್ತದೆ.

ಈಗ ಆ ಕಪ್ಪು ಹೊಗೆಗೆ ಬರೋಣ.

ನಿಮ್ಮ ಕಾರಿನಲ್ಲಿ ಏರ್ ಫಿಲ್ಟರ್ ದಾಟಿದ ಕೂಡಲೇ ಗಾಳಿಯನ್ನು ಅಳೆಯುವ ಒಂದು ಸೆನ್ಸರ್ ಇದೆ. ಅದಕ್ಕೆ ಮಾಫ್ ಅನ್ನುತ್ತಾರೆ. ಇಷ್ಟು ಗಾಳಿ ಒಳಗೆ ಬಂತು ಅಂತ ಅದು ಇಸಿಯುವಿಗೆ ಲೆಕ್ಕ ಕೊಡುತ್ತದೆ, ಹೊಗೆ ಬರದಷ್ಟು ಡೀಸೆಲ್ಲನ್ನು ಇಸಿಯು ಬಿಡುತ್ತದೆ. ಟರ್ಬೊ, ಇಂಟರ್‌ಕೂಲರ್, ರಬ್ಬರ್ ಹೋಸ್‌ಗಳು ಎಲ್ಲ ಈ ಸೆನ್ಸರ್ ದಾಟಿದ ಮೇಲೆ ಬರುತ್ತವೆ. ದಾರಿಯಲ್ಲಿ ಒಂದು ಹೋಸ್ ಸೀಳಿದ್ದರೆ ಏನಾಗುತ್ತದೆ? ಲೆಕ್ಕಕ್ಕೆ ಸಿಕ್ಕ ಗಾಳಿ ಎಂಜಿನ್ ತಲುಪುವ ಮೊದಲೇ ಹೊರಗೆ ಹೋಗುತ್ತದೆ. ಡೀಸೆಲ್ ಮಾತ್ರ ಪೂರ್ತಿ ಲೆಕ್ಕಕ್ಕೆ ಬೀಳುತ್ತದೆ. ಗಾಳಿ ಸಾಲದೆ ಕಪ್ಪು ಹೊಗೆ. ಒತ್ತಡ ಸಾಲದೆ ಸುಸ್ತು. ಕೊರತೆ ತುಂಬಲು ಟರ್ಬೊ ಇನ್ನೂ ಜೋರಾಗಿ ತಿರುಗುತ್ತದೆ, ಗಾಳಿ ಇನ್ನೂ ಬಿಸಿ. ಮಾಫ್ ಸೆನ್ಸರ್ರೇ ಕೆಟ್ಟಿದ್ದರೆ ಸಾಮಾನ್ಯವಾಗಿ ಗಾಳಿಯನ್ನು ಕಡಿಮೆ ತೋರಿಸುತ್ತದೆ, ಇಸಿಯು ಡೀಸೆಲ್ಲನ್ನೂ ಕಡಿಮೆ ಬಿಡುತ್ತದೆ. ಆಗ ಕಾರು ಸುಸ್ತಾದರೂ ಹೊಗೆ ಇರುವುದಿಲ್ಲ. ನಿಮ್ಮಲ್ಲಿ ಸುಸ್ತೂ ಇದೆ, ಹೊಗೆಯೂ ಇದೆ. ನನಗೆ ಮೊದಲ ಅನುಮಾನ ಸೋರಿಕೆಯ ಮೇಲೆ.

ಹಾಗಾದರೆ ಮೊದಲ ಕೆಲವು ತಿರುವು ಯಾಕೆ ಚೆನ್ನಾಗಿರುತ್ತದೆ? ಇಪ್ಪತ್ತು ವರ್ಷದ ರಬ್ಬರ್ ತಣ್ಣಗಿದ್ದಾಗ ಬಿಗಿಯಾಗಿರುತ್ತದೆ. ಬಿಸಿ ಗಾಳಿ ಹೊಕ್ಕು ಮೆತ್ತಗಾದ ಮೇಲೆ ಒತ್ತಡಕ್ಕೆ ಉಬ್ಬುತ್ತದೆ, ಸೀಳು ಬಾಯಿ ಬಿಡುತ್ತದೆ. ಎಂಜಿನ್ ನಿಲ್ಲಿಸಿ ನೋಡಿದರೆ ಏನೂ ಕಾಣುವುದಿಲ್ಲ.

ಎರಡು ವರ್ಷದ ಹಿಂದೆ ಕುಮಟಾದಲ್ಲಿ ನನ್ನ ಬಳಿ ಇಂಥದ್ದೇ ಕಾರು ಬಂದಿತ್ತು. ಮಾಲೀಕರು ಬೇರೆ ಕಡೆ ದೊಡ್ಡ ಇಂಟರ್‌ಕೂಲರ್ ಹಾಕಿಸಿಕೊಂಡು ಬಂದಿದ್ದರು. ಘಟ್ಟದಲ್ಲಿ ಮೊದಲಿಗಿಂತ ನಿಧಾನ. ಲಿಫ್ಟ್ ಮೇಲೆ ಎತ್ತಿ ಕೆಳಗಿನ ಹೋಸ್ ಮುಟ್ಟಿದೆ. ಕೈಗೆ ಎಣ್ಣೆ ಹತ್ತಿತು. ಹೋಸ್‌ನ ಸುತ್ತ ಎಲ್ಲ ಕಡೆ ಕೆಂಪು ಧೂಳು ಹಿಡಿದಿತ್ತು, ಕ್ಲಾಂಪ್ ಪಕ್ಕದಲ್ಲಿ ಮಾತ್ರ ಬೆರಳಗಲ ಜಾಗ ಕಪ್ಪಗೆ, ಒದ್ದೆಯಾಗಿ, ಧೂಳು ಇಲ್ಲದೆ ಹೊಳೆಯುತ್ತಿತ್ತು. ಅಲ್ಲಿಂದ ಗಾಳಿ ರಭಸದಿಂದ ಹೊರಬಂದು ಧೂಳನ್ನೆಲ್ಲ ಊದಿತ್ತು. ಹೋಸ್ ಬಗ್ಗಿಸಿದಾಗ ಒಳಗಿನ ನೂಲು ಕಂಡಿತು. ಹಳೇ ಹೋಸನ್ನೇ ಹೊಸ ಇಂಟರ್‌ಕೂಲರಿಗೆ ಸಿಕ್ಕಿಸಿದ್ದರು. ಆ ಒಂದು ಹೋಸ್ ಬದಲಿಸಿದ ಮೇಲೆ ಕಾರು ಸರಿಯಾಯಿತು. ದುಡ್ಡು ಸುರಿದು ಹಾಕಿಸಿದ್ದ ಇಂಟರ್‌ಕೂಲರಿನ ಮುಖ ನೋಡುತ್ತಾ ಆ ಮಾಲೀಕರು ಸುಮಾರು ಹೊತ್ತು ಮಾತಾಡಲೇ ಇಲ್ಲ. ನನಗೂ ಬೇಜಾರಾಯಿತು.

ಅದಕ್ಕೇ ಮೊದಲು ಸೋರಿಕೆ ನೋಡಿಸಿ. ಕಷ್ಟದ ಕೆಲಸ ಅಲ್ಲ. ಏರ್ ಫಿಲ್ಟರ್ ಕಡೆಯಿಂದ ಟರ್ಬೊಗೆ ಬರುವ ಪೈಪ್ ಬಿಚ್ಚಿ, ಅದರ ಬಾಯಿಗೆ ಸರಿಹೊಂದುವ ಪಿವಿಸಿ ಮುಚ್ಚಳ ಹಾಕಿ, ಮುಚ್ಚಳಕ್ಕೊಂದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿ. ಎಂಜಿನ್ ಒಳಗಿನ ಹಬೆಯನ್ನು ಆ ಪೈಪಿಗೆ ತರುವ ಬ್ರೀದರ್ ಹೋಸನ್ನು ಮುಚ್ಚುವುದು ಮರೆಯಬೇಡಿ. ಮರೆತರೆ ಗಾಳಿ ಎಂಜಿನ್ ಎಣ್ಣೆಯ ಕೋಣೆಗೆ ಹೋಗಿ ಸೀಲ್‌ಗಳನ್ನು ತಳ್ಳುತ್ತದೆ. ಆಮೇಲೆ ಪಂಕ್ಚರ್ ಅಂಗಡಿಯ ಗಾಳಿಯನ್ನೇ ನಿಧಾನಕ್ಕೆ ಬಿಡಿ. 1 ಬಾರ್, ಅಂದರೆ 15 ಪಿಎಸ್‌ಐ ಸಾಕು, ಅದರ ಮೇಲೆ ಹೋಗಬೇಡಿ. ಎಲ್ಲ ಜೋಡಣೆಗೂ ಸೋಪಿನ ನೀರು ಹಚ್ಚಿ. ಗುಳ್ಳೆ ಎಲ್ಲಿ ಏಳುತ್ತದೋ ಅಲ್ಲೇ ನಿಮ್ಮ ಘಟ್ಟದ ಸುಸ್ತು ಇದೆ. ಸಾಧ್ಯವಾದರೆ ಎಂಜಿನ್ ಬಿಸಿಯಾಗಿದ್ದಾಗ ಮಾಡಿಸಿ, ಆಗಲೇ ಹೇಳಿದೆನಲ್ಲ, ತಣ್ಣಗಿನ ರಬ್ಬರ್ ಸುಳ್ಳು ಹೇಳುತ್ತದೆ.

ಜೊತೆಗೆ ಸ್ಕ್ಯಾನರ್ ಹಾಕಿಸಿ. ವಿಸಿಡಿಎಸ್ (ಸ್ಕೋಡಾ, ಫೋಕ್ಸ್‌ವ್ಯಾಗನ್ ಕಾರುಗಳ ಸ್ಕ್ಯಾನರ್ ತಂತ್ರಾಂಶ) ಇಟ್ಟುಕೊಂಡ ಗ್ಯಾರೇಜ್ ಆದರೆ ಒಳ್ಳೆಯದು. ಅದರ 11ನೇ ಗ್ರೂಪ್‌ನಲ್ಲಿ, ಅಂದರೆ 11ನೇ ಅಳತೆಯ ಪುಟದಲ್ಲಿ, ಇಸಿಯು ಕೇಳಿದ ಒತ್ತಡ ಮತ್ತು ನಿಜವಾಗಿ ಬಂದ ಒತ್ತಡ ಎರಡೂ ಕಾಣುತ್ತವೆ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು, ಖಾಲಿ ಏರಿನಲ್ಲಿ ಮೂರನೇ ಗೇರ್‌ನಲ್ಲಿ 1500ರಿಂದ 3000 ಆರ್‌ಪಿಎಂವರೆಗೆ ಪೂರ್ತಿ ಆಕ್ಸಿಲರೇಟರ್ ಒತ್ತಿ. ಕೇಳಿದ್ದು 1900 ಮಿಲಿಬಾರ್ (ಹೊರಗಿನ ಗಾಳಿಯ ಒತ್ತಡವೂ ಸೇರಿ), ಬಂದಿದ್ದು 1600 ಅಂತಿದ್ದರೆ ಒಂದೋ ಸೋರಿಕೆ, ಇಲ್ಲವೇ ಟರ್ಬೊವನ್ನು ನಡೆಸುವ ಸಣ್ಣ ವ್ಯಾಕ್ಯೂಮ್ ಪೈಪ್‌ಗಳು ಒಡೆದಿವೆ. ಈ ಸಣ್ಣ ಪೈಪ್‌ಗಳನ್ನು ಯಾರೂ ನೋಡುವುದಿಲ್ಲ. 3ನೇ ಗ್ರೂಪ್‌ನಲ್ಲಿ ಮಾಫ್ ಲೆಕ್ಕವೂ ನೋಡಿ, ಪೂರ್ತಿ ಒತ್ತಿದಾಗ ಒಂದು ಸ್ಟ್ರೋಕಿಗೆ 800 ಮಿಲಿಗ್ರಾಂ ಆಸುಪಾಸು ಬರಬೇಕು.

ಇದಾದ ಮೇಲೆ ಈಗಿರುವ ಇಂಟರ್‌ಕೂಲರನ್ನೇ ಬಿಚ್ಚಿ ನೋಡಿ. ಆಕ್ಟೇವಿಯಾದಲ್ಲಿ ಅದು ಮುಂದಿನ ಬಂಪರ್‌ನ ಮೂಲೆಯಲ್ಲಿ, ಚಕ್ರದ ಮುಂದೆ ಕೂತಿರುತ್ತದೆ. ಚಕ್ರದ ಒಳಗಿನ ಪ್ಲಾಸ್ಟಿಕ್ ಲೈನರ್ ತೆಗೆದರೆ ಕಾಣುತ್ತದೆ. ನಮ್ಮ ಘಟ್ಟದ ರಸ್ತೆಯಲ್ಲಿ ಇದರ ಗತಿ ಏನಾಗಿರುತ್ತದೆ ಅಂದರೆ, ಮಳೆಗಾಲದ ಕೆಂಪು ಮಣ್ಣು ಫಿನ್‌ಗಳ (ತೆಳು ಲೋಹದ ಎಸಳುಗಳ) ಸಂದಿಗೆ ಹೊಕ್ಕಿರುತ್ತದೆ, ಬೇಸಿಗೆಯ ಧೂಳು ಅದರ ಮೇಲೆ ಕೂತಿರುತ್ತದೆ, ಒಳಗಿನಿಂದ ಸೋರಿದ ಎಣ್ಣೆ ಎರಡನ್ನೂ ಸೇರಿಸಿ ಗಾರೆಯ ಥರ ಗಟ್ಟಿ ಮಾಡಿರುತ್ತದೆ. ಕೆಳಗಿನ ಅರ್ಧಕ್ಕೆ ಗಾಳಿಯೇ ಹೋಗುವುದಿಲ್ಲ. ಅಂದರೆ ನೀವು ಓಡಿಸುತ್ತಿರುವುದು ಅರ್ಧ ಇಂಟರ್‌ಕೂಲರ್.

ಇನ್ನೊಂದು ಮುಖ್ಯ ವಿಷಯ. ಬಂಪರಿನ ಜಾಲರಿಯಿಂದ ಇಂಟರ್‌ಕೂಲರ್‌ವರೆಗೆ ಗಾಳಿ ತರುವ ಒಂದು ಪ್ಲಾಸ್ಟಿಕ್ ಡಕ್ಟ್ ಇರುತ್ತದೆ. ಎಲ್ಲಾದರೂ ಗುದ್ದಿ ಬಂಪರ್ ಬಿಚ್ಚಿ ಹಾಕಿಸಿದ ಕಾರುಗಳಲ್ಲಿ ಎಷ್ಟೋ ಸಲ ಈ ಡಕ್ಟ್ ಇರುವುದೇ ಇಲ್ಲ. ಅದಿಲ್ಲದೆ ಬಂದ ಗಾಳಿ ಸುಲಭದ ದಾರಿ ಹಿಡಿದು ಇಂಟರ್‌ಕೂಲರಿನ ಪಕ್ಕದಿಂದ ಜಾರಿಹೋಗುತ್ತದೆ. ಹೆದ್ದಾರಿಯಲ್ಲಿ 80ರಲ್ಲಿ ಹೋಗುವಾಗ ಹೇಗೋ ನಡೆಯುತ್ತದೆ. ದೇವಿಮನೆಯಲ್ಲಿ ಲಾರಿಯ ಹಿಂದೆ 25, 30ರ ವೇಗದಲ್ಲಿ ಹತ್ತುವಾಗ ನಡೆಯುವುದಿಲ್ಲ. ಅಲ್ಲಿ ಟರ್ಬೊ ಪೂರ್ತಿ ದುಡಿಯುತ್ತಿರುತ್ತದೆ, ಎದುರು ಗಾಳಿ ಮಾತ್ರ ಇಲ್ಲ. ಘಟ್ಟದಲ್ಲಿ ಇಂಟರ್‌ಕೂಲರಿಗೆ ಬೇಕಿರುವುದು ಗಾಳಿ. ಬರೀ ದೊಡ್ಡದು ಮಾಡಿದರೆ ಬಿಸಿಯಾಗಲು ಒಂದೆರಡು ತಿರುವು ಜಾಸ್ತಿ ಹಿಡಿಯುತ್ತದೆ, ಅಷ್ಟೇ. ಏರು ಇನ್ನೂ ಬಾಕಿ ಇರುತ್ತದೆ.

ಡಕ್ಟ್ ಇಲ್ಲದಿದ್ದರೆ ಹಳೇ ಸಾಮಾನಿನ ಅಂಗಡಿಯಲ್ಲಿ ಹುಡುಕಿ. ಸಿಗದಿದ್ದರೆ ತೆಳು ಅಲ್ಯೂಮಿನಿಯಂ ತಗಡಿನಲ್ಲಿ ಮಾಡಿಸಿ, ಅಂಚಿಗೆ ಬಾಗಿಲಿಗೆ ಹಾಕುವ ರಬ್ಬರ್ ಬೀಡಿಂಗ್ ಕೊಡಿಸಿ. ಗಾಳಿ ಫಿನ್ ದಾಟಿಯೇ ಹೋಗಬೇಕು, ಬೇರೆ ಸಂದಿ ಇರಬಾರದು. ಹಿಂದೆ ಲೈನರ್‌ನಲ್ಲಿ ಗಾಳಿ ಹೊರಹೋಗುವ ಕಿಂಡಿಗಳೂ ಮಣ್ಣು ಕಟ್ಟಿರುತ್ತವೆ, ತೆರೆಸಿ.

ಬಿಚ್ಚಿದಾಗ ಇಂಟರ್‌ಕೂಲರ್ ಬಗ್ಗಿಸಿ ಎಣ್ಣೆ ಸುರಿಯಿರಿ. ಒಳಗೆ ತೆಳು ಎಣ್ಣೆಯ ಪದರ ಇದ್ದರೆ ಸಹಜ. ಲೋಟದಷ್ಟು ಬಂದರೆ ಟರ್ಬೊದ ಸೀಲ್ ಮತ್ತು ಬ್ರೀದರ್ ನೋಡಿಸಲೇಬೇಕು. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಡೀಸೆಲ್ ಎಂಜಿನ್ ಆ ಎಣ್ಣೆಯನ್ನು ಒಟ್ಟಿಗೆ ಎಳೆದುಕೊಂಡರೆ ಅದನ್ನೇ ಸುಟ್ಟು ತಾನಾಗಿ ಓಡುತ್ತದೆ, ಕೀ ತೆಗೆದರೂ ನಿಲ್ಲದೇ ಇರಬಹುದು. ಹಾಗೇನಾದರೂ ಆದರೆ ಬ್ರೇಕ್ ಗಟ್ಟಿಯಾಗಿ ಒತ್ತಿ, ಐದನೇ ಗೇರ್ ಹಾಕಿ, ಕ್ಲಚ್ ಬಿಟ್ಟು ಎಂಜಿನ್ ಉಸಿರು ಕಟ್ಟಿಸಬೇಕು. ತೊಳೆಯಲು ಮೊದಲು ಸೀಮೆಎಣ್ಣೆ ಅಥವಾ ಡೀಗ್ರೀಸರ್ ಹಾಕಿ ಕುಲುಕಿ, ಆಮೇಲೆ ಸೋಪಿನ ಬಿಸಿನೀರು, ಆಮೇಲೆ ಎರಡು ದಿನ ಬಿಸಿಲು. ಒಳಗೆ ಸೀಮೆಎಣ್ಣೆಯ ವಾಸನೆ ಇರುವವರೆಗೆ ಕಾರಿಗೆ ಹಾಕಬೇಡಿ, ಅದೂ ಉರಿಯುವ ವಸ್ತುವೇ. ಫಿನ್‌ಗೆ ವಾಟರ್ ಸರ್ವಿಸ್‌ನ ಜೋರು ಪೈಪ್ ಹಿಡಿಯಬೇಡಿ, ಮಡಚಿಕೊಳ್ಳುತ್ತವೆ. ಹಿಂದಿನಿಂದ ಮುಂದಕ್ಕೆ ತೋಟದ ಪೈಪಿನ ನೀರು ಸಾಕು.

ಇಷ್ಟೆಲ್ಲ ಮಾಡಿದ ಮೇಲೂ ದೊಡ್ಡದು ಬೇಕು ಅನಿಸಿದರೆ? ನ್ಯಾಯವಾಗಿ ಬೇಕಾಗುವ ಸಂದರ್ಭ ಇದೆ. ಮುಂದೆ ಇಸಿಯು ರೀಮ್ಯಾಪ್ ಮಾಡಿಸಿ ಒತ್ತಡವನ್ನೂ ಡೀಸೆಲ್ಲನ್ನೂ ಏರಿಸಿದರೆ ಮೂಲೆಯ ಸಣ್ಣ ಇಂಟರ್‌ಕೂಲರ್ ಸಾಲುವುದಿಲ್ಲ. ಆಗ ನನ್ನ ಸಲಹೆ, ಮೊದಲು ಅದೇ ಮೂಲೆಯಲ್ಲಿ ಕೂರುವ ದಪ್ಪ ಕೋರ್ ಹುಡುಕಿ. ಅಡ್ಡಕ್ಕೆ ಕೂರಿಸುವುದು ಎರಡನೇ ಆಯ್ಕೆ. ಯಾಕೆ ಅಂದರೆ ಅಡ್ಡಕ್ಕೆ ಕೂತದ್ದು ಎಸಿ ಕಂಡೆನ್ಸರಿಗೂ ರೇಡಿಯೇಟರಿಗೂ ಹೋಗುವ ಗಾಳಿಗೆ ಅಡ್ಡ ನಿಲ್ಲುತ್ತದೆ, ತನ್ನ ಬಿಸಿಯನ್ನೂ ಅವುಗಳ ಮೇಲೆ ಊದುತ್ತದೆ. ನನ್ನದೇ ಹಳೇ ಟಿಡಿಐಗೆ ಒಮ್ಮೆ ಹಾಗೆ ಹಾಕಿದ್ದೆ. ಅಂಕೋಲಾದಿಂದ ಯಲ್ಲಾಪುರಕ್ಕೆ ಅರಬೈಲ್ ಘಟ್ಟ ಹತ್ತುವಾಗ, ಮೇ ತಿಂಗಳು, ಎಸಿ ಹಾಕಿಕೊಂಡು, ಲಾರಿ ಸಾಲಿನ ಹಿಂದೆ. ಡ್ಯಾಶ್‌ಬೋರ್ಡಿನ ಮುಳ್ಳು 90ರಲ್ಲೇ ಇತ್ತು. ಸ್ಕ್ಯಾನರ್ ನೋಡಿದರೆ ಕೂಲಂಟ್ 104. ಈ ಕಾರುಗಳಲ್ಲಿ ಆ ಮುಳ್ಳು 75ರಿಂದ 105ರವರೆಗೂ ಹೆಚ್ಚುಕಡಿಮೆ ನಡುವಲ್ಲೇ ನಿಲ್ಲುತ್ತದೆ, ಅದನ್ನು ನಂಬಬೇಡಿ. ವಾಪಸ್ ಬಂದ ವಾರವೇ ಅದನ್ನು ಬಿಚ್ಚಿಸಿ ಮೂಲೆಯದ್ದನ್ನು ಹಾಕಿದೆ.

ಅಡ್ಡದ್ದೇ ಹಾಕುವುದಾದರೆ ಅಗಲ, ಎತ್ತರ ಜಾಸ್ತಿ ಇರಲಿ, ದಪ್ಪ 50ರಿಂದ 65 ಮಿಲಿಮೀಟರ್ ಸಾಕು. ದಪ್ಪ ಹೆಚ್ಚಿದಷ್ಟೂ ಹಿಂದಿನ ಫಿನ್‌ಗೆ ಬಿಸಿಯಾದ ಗಾಳಿಯೇ ಸಿಗುವುದು. ಬಾರ್ ಅಂಡ್ ಪ್ಲೇಟ್ ಕೋರ್ (ಪಟ್ಟಿ, ತಗಡುಗಳನ್ನು ಪದರವಾಗಿ ಜೋಡಿಸಿದ್ದು) ಗಟ್ಟಿ, ಆದರೆ ಭಾರ, ಹಿಂದಕ್ಕೆ ಗಾಳಿ ಬಿಡುವುದೂ ಕಡಿಮೆ. ನಿಧಾನಗತಿಯ ಏರಿಗೆ ಟ್ಯೂಬ್ ಅಂಡ್ ಫಿನ್ (ಕೊಳವೆಗಳ ನಡುವೆ ಫಿನ್ ಇರುವಂಥದ್ದು) ಒಳ್ಳೆಯದು. ಒಳಗೆ ನುಂಗುವ ಒತ್ತಡ 0.1 ಬಾರ್ ದಾಟಬಾರದು. ಪೈಪ್ 2 ಇಂಚು, ಹೆಚ್ಚೆಂದರೆ 2.25 ಇಂಚು. 3 ಇಂಚಿನ ಹೊಳೆಯುವ ಪೈಪ್ ನೋಡಲು ಚೆಂದ, ಓಡಿಸಲು ಅಲ್ಲ. 1500 ಆರ್‌ಪಿಎಂನಲ್ಲಿ ನಿಮ್ಮ ಎಂಜಿನ್ ಎಳೆಯುವುದು ಸೆಕೆಂಡಿಗೆ ಸುಮಾರು 20 ಲೀಟರ್ ಗಾಳಿ. ನೀವು ಪೈಪು, ಕೋರ್ ಸೇರಿಸಿ 8 ಲೀಟರ್ ಜಾಗ ಹೆಚ್ಚಿಸಿದರೆ, ಪ್ರತಿ ಹೇರ್‌ಪಿನ್ ತಿರುವಿನಿಂದ ಹೊರಬರುವಾಗಲೂ ಮೊದಲು ಅದು ತುಂಬಬೇಕು. ಎಳೆತ ಬರಲು ಕಾಯಬೇಕಾಗುತ್ತದೆ. ಒತ್ತಡ ಮತ್ತು ಗಾಳಿಯ ಬಿಸಿ ಅಳೆಯುವ ಸೆನ್ಸರ್ ಇಂಟರ್‌ಕೂಲರಿನಿಂದ ಹೊರಬರುವ ದಾರಿಯಲ್ಲಿದೆ, ಹೊಸ ಪೈಪಿನಲ್ಲೂ ಅದಕ್ಕೆ ಸರಿಯಾದ ಜಾಗ ಮಾಡಿಸಬೇಕು. ಬಂಪರ್ ಹಿಂದಿನ ಕಬ್ಬಿಣದ ಅಡ್ಡಪಟ್ಟಿ ಕತ್ತರಿಸೋಣ ಅಂದರೆ ಕಾರು ವಾಪಸ್ ತನ್ನಿ. ಅದು ಗುದ್ದಿದಾಗ ನಿಮ್ಮನ್ನು ಕಾಯುವ ಪಟ್ಟಿ.

ಕರಾವಳಿಯವರಿಗಾಗಿ ಒಂದು ಮಾತು. ಕಾರವಾರದ ಉಪ್ಪು ಗಾಳಿಗೆ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ. ಕಬ್ಬಿಣದ ಬ್ರಾಕೆಟ್ ನೇರವಾಗಿ ಮುಟ್ಟಿದ ಜಾಗದಲ್ಲಿ ಇನ್ನೂ ಬೇಗ, ಅದಕ್ಕೇ ನಡುವೆ ರಬ್ಬರ್ ಬುಷ್ ಇರಲೇಬೇಕು. ಕಡಿಮೆ ಬೆಲೆಯ ಕ್ಲಾಂಪ್ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಟಿ-ಬೋಲ್ಟ್ ಕ್ಲಾಂಪ್ ಹಾಕಿಸಿ, ಪೈಪಿನ ತುದಿಗೆ ಉಬ್ಬು ಅಂಚು ಮಾಡಿಸಿ, ಇಲ್ಲದಿದ್ದರೆ ಹೋಸ್ ಜಾರಿ ಬರುತ್ತದೆ. ಸಾದಾ ಸಿಲಿಕೋನ್ ಹೋಸ್ ಡೀಸೆಲ್ ಕಾರಿನ ಎಣ್ಣೆಗೆ ನಿಧಾನಕ್ಕೆ ಬೆವರುತ್ತದೆ, ಒಳಗೆ ಫ್ಲೋರೋಸಿಲಿಕೋನ್ ಪದರ ಇರುವುದನ್ನೇ ಕೇಳಿ. ಮಳೆಗಾಲದಲ್ಲಿ ಹೆದ್ದಾರಿ 66ರಲ್ಲಿ ನೀರು ನಿಂತ ಕಡೆ ದಾಟುವಾಗ ಬಂಪರ್ ಕೆಳಗೆ ತೂಗುವ ಇಂಟರ್‌ಕೂಲರ್ ಮುಳುಗುತ್ತದೆ. ಜೋಡಣೆ ಸಡಿಲಿದ್ದು ಅಲ್ಲಿಂದ ನೀರು ಎಂಜಿನ್ ಸೇರಿದರೆ ಕನೆಕ್ಟಿಂಗ್ ರಾಡ್ ಬಗ್ಗಿಹೋಗುತ್ತದೆ.

ಕಾಗದಪತ್ರದ ವಿಷಯ ಚಿಕ್ಕದಾಗಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಗೂ ತಾಳೆಯಾಗದಂಥ ಬದಲಾವಣೆ ಮಾಡುವಂತಿಲ್ಲ. 15 ವರ್ಷ ದಾಟಿದ ನಿಮ್ಮ ಕಾರಿಗೆ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಬೇರೆ ಇದೆ. ಬಂಪರ್ ಕೊಯ್ಯುವ ಮೊದಲು ಶಿರಸಿ ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ಕೇಳಿ.

ಸದ್ಯಕ್ಕೆ ಲೈನರ್ ಬಿಚ್ಚಿಸಿ ನೋಡಿ. ಆ ಡಕ್ಟ್ ಇದೆಯೋ ಇಲ್ಲವೋ, ಸೋಪಿನ ಗುಳ್ಳೆ ಎಲ್ಲಿ ಎದ್ದಿತು, 11ನೇ ಗ್ರೂಪ್‌ನಲ್ಲಿ ಕೇಳಿದ್ದೆಷ್ಟು ಬಂದದ್ದೆಷ್ಟು, ಇವಿಷ್ಟನ್ನು ಬರೆದು ಕಳಿಸಿ. ಕತಗಾಲದಿಂದ ದೇವಿಮನೆ ದೇವಸ್ಥಾನದವರೆಗೆ ಹತ್ತಲು ಈಗ ಎಷ್ಟು ನಿಮಿಷ ಬೇಕಾಗುತ್ತದೆ ಅನ್ನುವುದನ್ನೂ ಗುರುತು ಹಾಕಿಕೊಳ್ಳಿ, ಕೆಲಸ ಮುಗಿದ ಮೇಲೆ ಅದೇ ಹೊತ್ತಿಗೆ, ಅಷ್ಟೇ ಜನ ಕೂತು, ಇನ್ನೊಮ್ಮೆ ಹತ್ತಿ ನೋಡಬೇಕು.